ಪಿಸಿಬಿ ಜೊತೆ ಇತಿಹಾಸ: ಬೆಂಗಳೂರಿನ ಒಬ್ಬ ವಿದ್ಯಾರ್ಥಿನಿಯ ಪ್ರಕರಣ

ವಿಜ್ಞಾನ ತೆಗೆದುಕೊಂಡ ಮಕ್ಕಳು ಉದ್ದುದ್ದ ಉತ್ತರ ಬರೆಯಬೇಕಾದ ಒಂದು ವಿಷಯವನ್ನೂ ಜೊತೆಗೆ ಓದಬಹುದೇ? ಹತ್ತನೇ ತರಗತಿ ಮುಗಿದ ಮನೆಗಳಲ್ಲಿ ಪ್ರತಿ ಬೇಸಿಗೆಯಲ್ಲೂ ಈ ಮಾತು ಬರುತ್ತದೆ, ಬಹಳಷ್ಟು ಕಡೆ ‘ಅದರಲ್ಲಿ ಸ್ಕೋರ್ ಆಗುತ್ತಾ?’ ಎಂಬಲ್ಲಿಗೇ ಮುಗಿದುಹೋಗುತ್ತದೆ. ಅಂಕಕ್ಕಿಂತ ಮೊದಲು ನೋಡಬೇಕಾದ ಸಂಗತಿಗಳು ಬೇರೆ ಇವೆ ಎಂಬುದನ್ನು ತೋರಿಸಲು ಪಿಸಿಬಿ (ಭೌತ, ರಸಾಯನ, ಜೀವಶಾಸ್ತ್ರ) ಜೊತೆ ಇತಿಹಾಸ ಓದಿದ ಒಬ್ಬ ವಿದ್ಯಾರ್ಥಿನಿಯ ಪ್ರಕರಣವನ್ನು ವಿವರವಾಗಿ ಬರೆದಿದ್ದೇವೆ. ವಿದ್ಯಾರ್ಥಿನಿ, ಮನೆಯವರು, ಶಾಲೆ ಯಾರೆಂದು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

ದಕ್ಷಿಣ ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆ. ಹುಡುಗಿ ಹತ್ತನೇ ತರಗತಿಯಲ್ಲಿ ವಿಜ್ಞಾನ, ಸಮಾಜ ಎರಡರಲ್ಲೂ ಮುಂದಿದ್ದಳು. ಗಣಿತ ಪರವಾಗಿಲ್ಲ ಎನ್ನುವಷ್ಟು. ಜೀವಶಾಸ್ತ್ರ ಓದಬೇಕೆಂಬುದು ಖಚಿತವಾಗಿತ್ತು, ವೈದ್ಯಳಾಗಬೇಕೋ ಸಂಶೋಧನೆಗೆ ಹೋಗಬೇಕೋ ಎಂಬುದು ಖಚಿತವಾಗಿರಲಿಲ್ಲ. ತಂದೆ ಇಂಜಿನಿಯರ್, ತಾಯಿ ಬ್ಯಾಂಕಿನಲ್ಲಿ ಕೆಲಸ. ನೀಟ್ ಕೋಚಿಂಗ್‌ಗೆ ಮಾರ್ಚ್‌ನಲ್ಲೇ ಫೀಸು ಕಟ್ಟಿಯಾಗಿತ್ತು: ವಾರದಲ್ಲಿ ನಾಲ್ಕು ಸಂಜೆ, ಐದರಿಂದ ಎಂಟು. ಉಳಿದ ಮೂರು ಸಂಜೆಗಳೇ ಅವಳ ಕೈಯಲ್ಲಿದ್ದ ಸಮಯ. ಮುಂದಿನ ಲೆಕ್ಕಾಚಾರವೆಲ್ಲ ಇದರ ಮೇಲೇ ನಿಂತಿತ್ತು.

ಪಿಯುಗೆ ಸೇರುವ ಯೋಚನೆಯೂ ಇತ್ತು. ರಾಜ್ಯದ ಪಿಯುನಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಐಚ್ಛಿಕ ವಿಷಯಗಳು ಕಾಂಬಿನೇಶನ್ ಆಗಿಯೇ ಸಿಗುತ್ತವೆ: ವಿಜ್ಞಾನವೆಂದರೆ ಭೌತ, ರಸಾಯನ, ಗಣಿತದ ಜೊತೆ ಜೀವಶಾಸ್ತ್ರ (ಪಿಸಿಎಂಬಿ), ಕಂಪ್ಯೂಟರ್ ವಿಜ್ಞಾನ (ಪಿಸಿಎಂಸಿ) ಅಥವಾ ಎಲೆಕ್ಟ್ರಾನಿಕ್ಸ್ (ಪಿಸಿಎಂಇ), ಇತಿಹಾಸ ಬೇಕೆಂದರೆ ಕಲಾ ವಿಭಾಗದ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ಅಥವಾ ವಾಣಿಜ್ಯದ ಎಚ್‌ಇಬಿಎ (ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ). ಜೀವಶಾಸ್ತ್ರದ ಜೊತೆ ಇತಿಹಾಸ ಕೊಡುವ ಕಾಲೇಜು ಮನೆಯ ಆಸುಪಾಸಿನಲ್ಲಿ ಒಂದೂ ಇರಲಿಲ್ಲ. (ಹಾಗೆಂದು ಪಿಯು ಮಕ್ಕಳಿಗೆ ಬರವಣಿಗೆಯ ಅಭ್ಯಾಸಕ್ಕೆ ಜಾಗವೇ ಇಲ್ಲ ಎಂದಲ್ಲ. ಕನ್ನಡ ಭಾಷಾ ಪತ್ರಿಕೆಯನ್ನು ಗೈಡ್ ನೋಡಿ ಬಾಯಿಪಾಠ ಮಾಡದೆ ನಿಜವಾಗಿ ಓದುವ ಪಿಸಿಎಂಬಿ ವಿದ್ಯಾರ್ಥಿಗೆ ಆ ಅಭ್ಯಾಸ ಅಲ್ಲೇ ಸಿಗುತ್ತದೆ. ಸಿಇಟಿಗೆ ಲೆಕ್ಕಕ್ಕಿಲ್ಲ ಎಂಬ ಒಂದೇ ಕಾರಣಕ್ಕೆ ಭಾಷೆಯನ್ನು ಕಡೆಗಣಿಸುವುದು ದೊಡ್ಡ ನಷ್ಟ.)

ಸಿಬಿಎಸ್‌ಇಯಲ್ಲಿ ಐದು ವಿಷಯ ಕಡ್ಡಾಯ, ಅದರಲ್ಲಿ ಒಂದು ಭಾಷೆ. ಆರನೆಯದನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಬಹುದು. ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇತಿಹಾಸ ಎಂದು ಬರೆದುಕೊಟ್ಟರೆ ಮಂಡಳಿಯದೇನೂ ತಕರಾರಿಲ್ಲ. ತಕರಾರು ಬರುವುದು ಶಾಲೆಯ ಟೈಮ್‌ಟೇಬಲ್‌ನಿಂದ. ಈ ಶಾಲೆಯಲ್ಲಿ ವಿಜ್ಞಾನದವರ ಗಣಿತದ ಅವಧಿ ಮತ್ತು ಕಲಾ ವಿಭಾಗದ ಇತಿಹಾಸದ ಅವಧಿ ಬಹುತೇಕ ಬೇರೆ ಬೇರೆ ಹೊತ್ತಿನಲ್ಲಿದ್ದವು. ಗುರುವಾರ ಮಾತ್ರ ಇತಿಹಾಸದ ಅವಧಿ ರಸಾಯನಶಾಸ್ತ್ರದ ಲ್ಯಾಬ್ ಮೇಲೆ ಬೀಳುತ್ತಿತ್ತು. ಅವಳ ಲ್ಯಾಬ್ ಬ್ಯಾಚ್ ಬದಲಿಸಿ ಅದನ್ನು ಸರಿಪಡಿಸಿದರು.

ಯಾವ ವಿಷಯ ಎಂಬ ಪ್ರಶ್ನೆ

ಶಾಲೆಯಲ್ಲಿ ವಿಜ್ಞಾನದವರಿಗೆ ಎಟಕುವಂತಿದ್ದ ಬರವಣಿಗೆಯ ವಿಷಯಗಳು ಎರಡು: ಮನಶ್ಶಾಸ್ತ್ರ ಮತ್ತು ಇತಿಹಾಸ. ಮನೆಯವರೂ ಗೆಳತಿಯರೂ ಮನಶ್ಶಾಸ್ತ್ರವನ್ನೇ ಹೇಳಿದರು. ಡಾಕ್ಟರ್ ಆಗುವವಳಿಗೆ ಹತ್ತಿರದ ವಿಷಯ, ಪಠ್ಯವೂ ಕಡಿಮೆ ಎಂಬುದು ವಾದ. ವಾದದಲ್ಲಿ ಹುರುಳಿತ್ತು, ಆದರೆ ಒಂದು ಲೆಕ್ಕ ಬಿಟ್ಟುಹೋಗಿತ್ತು. ಸಿಬಿಎಸ್‌ಇಯಲ್ಲಿ ಮನಶ್ಶಾಸ್ತ್ರಕ್ಕೆ 70 ಅಂಕ ಥಿಯರಿ, 30 ಪ್ರಾಕ್ಟಿಕಲ್. ಭೌತ, ರಸಾಯನ, ಜೀವಶಾಸ್ತ್ರಕ್ಕೂ ಅಷ್ಟೇ. ಅಂದರೆ ನಾಲ್ಕು ಪ್ರಾಕ್ಟಿಕಲ್ ರೆಕಾರ್ಡ್, ಎಲ್ಲದರ ಗಡುವೂ ಡಿಸೆಂಬರ್-ಜನವರಿಯಲ್ಲಿ ಒಟ್ಟಿಗೇ ಬರುತ್ತದೆ. ಇತಿಹಾಸದಲ್ಲಿ 80 ಥಿಯರಿ, 20 ಪ್ರಾಜೆಕ್ಟ್; ಪ್ರಾಜೆಕ್ಟ್ ಒಂದೇ, ಬೇಸಿಗೆ ರಜೆಯಲ್ಲೇ ಅರ್ಧ ಮುಗಿಸಬಹುದು. ವಿಷಯ ಎಷ್ಟು ‘ಸುಲಭ’ ಎಂದು ಕೇಳುವವರು ಅದರ ಕೆಲಸ ವರ್ಷದ ಯಾವ ತಿಂಗಳಲ್ಲಿ ಮೈಮೇಲೆ ಬರುತ್ತದೆ ಎಂದು ಕೇಳುವುದು ಕಡಿಮೆ.

ಶಾಲೆಯ ಸಲಹೆಗಾರ್ತಿ ಇಲ್ಲೊಂದು ಸರಳ ಪರೀಕ್ಷೆ ಮಾಡಿಸಿದರು. 11ನೇ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕಗಳಿಂದ ಎರಡೂ ವಿಷಯದ ಒಂದೊಂದು ಅಧ್ಯಾಯ ಓದುವುದು, ಮಾರನೆಯ ದಿನ ಪುಸ್ತಕ ಮುಚ್ಚಿಟ್ಟು ಒಂದೊಂದು ದೀರ್ಘ ಉತ್ತರ ಬರೆಯುವುದು. ಮನಶ್ಶಾಸ್ತ್ರದಲ್ಲಿ ಮರೆವು ಯಾಕೆ ಉಂಟಾಗುತ್ತದೆ ಎಂಬ ಪ್ರಶ್ನೆ. ಇತಿಹಾಸದಲ್ಲಿ ಮಂಗೋಲರ ಅಧ್ಯಾಯ. ಮರೆವಿನ ಉತ್ತರ ನೀಟಾಗಿ ಬಂತು, ಮೂರು ಕಾರಣ, ಮೂರು ವಿವರಣೆ, ಅಲ್ಲಿಗೆ ಮುಗಿಯಿತು. ಮಂಗೋಲರ ಉತ್ತರ ಅರ್ಧಂಬರ್ಧ ಇತ್ತು, ಸಮಯವೂ ಮೀರಿತ್ತು. ಆದರೆ ಕೊನೆಯಲ್ಲಿ ಅವಳೇ ಒಂದು ಪ್ರಶ್ನೆ ಬರೆದಿದ್ದಳು: ಈ ಅಲೆಮಾರಿ ಜನರ ಬಗ್ಗೆ ಬರೆದಿಟ್ಟವರೆಲ್ಲ ನಗರಗಳಲ್ಲಿದ್ದ ಪಂಡಿತರು, ಅವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಸಲಹೆಗಾರ್ತಿ ಇತಿಹಾಸವನ್ನು ಸೂಚಿಸಿದ್ದು ಈ ಒಂದು ಸಾಲನ್ನು ನೋಡಿ. ಈ ನಿರ್ಧಾರ ಸರಿ ಎಂದು ನಮ್ಮ ಅಭಿಪ್ರಾಯ. ಬರವಣಿಗೆಯ ವಿಷಯದಲ್ಲಿ ಎರಡು ವರ್ಷ ಉಳಿಯಲು ಬೇಕಾದ್ದು ಆ ವಿಷಯದ ಆಧಾರಗಳ ಜೊತೆ ಜಗಳವಾಡುವ ಆಸಕ್ತಿ. ಮೊದಲ ಉತ್ತರ ಎಷ್ಟು ನೀಟಾಗಿ ಬಂತು ಎಂಬುದರಿಂದ ಅದು ಗೊತ್ತಾಗುವುದಿಲ್ಲ. ಇನ್ನೊಬ್ಬ ವಿದ್ಯಾರ್ಥಿಗೆ ಇದೇ ಪರೀಕ್ಷೆ ಮನಶ್ಶಾಸ್ತ್ರವನ್ನೋ ಅರ್ಥಶಾಸ್ತ್ರವನ್ನೋ ತೋರಿಸಬಹುದು.

ಮೊದಲ ಪ್ರಯತ್ನ: ಆರು ವಿಷಯ

ಮನೆಯಲ್ಲಿ ಕೊನೆಗೆ ಆದದ್ದು ರಾಜಿ. ಪಿಸಿಎಂಬಿ, ಇಂಗ್ಲಿಷ್, ಜೊತೆಗೆ ಆರನೆಯದಾಗಿ ಇತಿಹಾಸ. ಆರನೆಯ ವಿಷಯಕ್ಕೆ ಒಂದು ಲಾಭವೂ ಇದೆ: ಐದರಲ್ಲಿ ಒಂದು ವಿಷಯದಲ್ಲಿ ಫೇಲಾದರೆ, ಭಾಷೆಯ ಷರತ್ತಿಗೆ ಒಳಪಟ್ಟು, ಆರನೆಯದು ಆ ಜಾಗಕ್ಕೆ ಬರುತ್ತದೆ. ಯಾವುದನ್ನೂ ಬಿಡಬೇಕಾಗಿಲ್ಲ ಎಂಬ ಸಮಾಧಾನ ಎಲ್ಲರಿಗೂ ಇತ್ತು.

ಸೆಪ್ಟೆಂಬರ್‌ನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಸಮಾಧಾನ ಕರಗಿತು. ಗಣಿತ ಕೆಳಗಿಳಿಯಿತು. ಇತಿಹಾಸದಲ್ಲಿ ಎರಡು ದೀರ್ಘ ಉತ್ತರಗಳಿಗೆ 8ಕ್ಕೆ ತಲಾ 3 ಬಂತು. ಹುಡುಗಿಗೆ ಇದು ದೊಡ್ಡ ಆಘಾತ, ಯಾಕೆಂದರೆ ಅಧ್ಯಾಯಗಳನ್ನು ಅವಳು ಮೂರು ಸಲ ಓದಿದ್ದಳು. ನೋಟ್‌ಬುಕ್ ತೆಗೆಸಿ ನೋಡಿದಾಗ ಕಾರಣ ಕಂಡಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳು ಓದಿದ್ದಳು, ಗೆರೆ ಎಳೆದಿದ್ದಳು, ಪಾಯಿಂಟ್ ಮಾಡಿಕೊಂಡಿದ್ದಳು. ಪೂರ್ತಿ ಉತ್ತರ ಬರೆದದ್ದು ಎರಡೇ. ಇತಿಹಾಸಕ್ಕೆ ಮೀಸಲಿಟ್ಟ ಭಾನುವಾರದ ಸಂಜೆಯನ್ನು ಗಣಿತದ ಬಾಕಿ ಲೆಕ್ಕಗಳು ತಿನ್ನುತ್ತಿದ್ದವು. ಗಣಿತದ ಹೋಮ್‌ವರ್ಕ್ ಮಾರನೆಯ ದಿನ ಕೇಳುತ್ತಾರೆ. ಇತಿಹಾಸವನ್ನು ಯಾರೂ ನಾಳೆಯೇ ಕೇಳುವುದಿಲ್ಲ. ಬರವಣಿಗೆಯ ವಿಷಯ ವಿಜ್ಞಾನಗಳ ನಡುವೆ ಸೋಲುವುದು ಹೆಚ್ಚಾಗಿ ಇಲ್ಲೇ.

ಆ 3 ಅಂಕದ ಉತ್ತರ

ಪ್ರಶ್ನೆ ಮೆಸೊಪೊಟೇಮಿಯಾದ್ದು: ಆರಂಭಿಕ ನಗರೀಕರಣಕ್ಕೆ ಮಣ್ಣಿನ ಫಲವತ್ತತೆ ಮತ್ತು ಹೆಚ್ಚಿನ ಆಹಾರ ಉತ್ಪಾದನೆಯೇ ಕಾರಣ ಎಂದು ಯಾಕೆ ಹೇಳಲಾಗದು? ಅವಳು ಆರು ಪಾಯಿಂಟ್ ಬರೆದಿದ್ದಳು. ಟೈಗ್ರಿಸ್-ಯೂಫ್ರಟೀಸ್ ನದಿಗಳು, ಫಲವತ್ತಾದ ಮೆಕ್ಕಲು ಮಣ್ಣು, ನೀರಾವರಿ, ವ್ಯಾಪಾರ, ದೇವಾಲಯಗಳು, ಬರವಣಿಗೆ. ಎಲ್ಲವೂ ಪುಸ್ತಕದಲ್ಲಿರುವವೇ, ಒಂದೂ ತಪ್ಪಿಲ್ಲ. ಪ್ರಶ್ನೆಗೆ ಉತ್ತರ ಮಾತ್ರ ಅಲ್ಲಿರಲಿಲ್ಲ. ಮೊದಲ ಮೂರು ಪಾಯಿಂಟ್‌ಗಳು ಪ್ರಶ್ನೆ ಅಲ್ಲಗಳೆಯಲು ಹೇಳಿದ್ದನ್ನೇ ಎತ್ತಿ ಹಿಡಿದಿದ್ದವು. ಜೀವಶಾಸ್ತ್ರದಲ್ಲಿ ಐದು ಅಂಕದ ಪ್ರಶ್ನೆಗೆ ಐದು ಸರಿಯಾದ ಪಾಯಿಂಟ್ ಬರೆದರೆ ಅಂಕ ಬರುತ್ತದೆ. ಆ ಅಭ್ಯಾಸವನ್ನೇ ಇಲ್ಲಿಗೂ ತಂದಿದ್ದಳು.

ಇತಿಹಾಸದ ಮೇಡಂ ಅವಳಿಗೆ ಗೊತ್ತಿದ್ದ ಭಾಷೆಯಲ್ಲೇ ಹೇಳಿದರು: ಒಂದು ಕ್ರಿಯೆ ನಡೆಯಲು ಅಗತ್ಯವಾದ ಸ್ಥಿತಿ ಬೇರೆ, ಅದೊಂದೇ ಇದ್ದರೆ ಸಾಕು ಎನ್ನುವ ಸ್ಥಿತಿ ಬೇರೆ. ಫಲವತ್ತಾದ ನೆಲವಿದ್ದೂ ನಗರವಾಗದ ಜಾಗಗಳು ಎಷ್ಟೋ ಇವೆ. ಹಾಗಾದರೆ ದಕ್ಷಿಣ ಮೆಸೊಪೊಟೇಮಿಯಾದಲ್ಲಿ ಇನ್ನೇನಿತ್ತು? ಅಥವಾ ಏನಿರಲಿಲ್ಲ? ಅಲ್ಲಿ ಒಳ್ಳೆಯ ಕಲ್ಲಿರಲಿಲ್ಲ, ಲೋಹವಿರಲಿಲ್ಲ, ಗಟ್ಟಿ ಮರವಿರಲಿಲ್ಲ. ಅವನ್ನು ದೂರದಿಂದ ತರಿಸಲು ವ್ಯಾಪಾರ ಬೇಕು, ವ್ಯಾಪಾರಕ್ಕೆ ಸಂಘಟನೆ ಬೇಕು, ಲೆಕ್ಕ ಇಡಬೇಕು. ಅಲ್ಲಿನ ಉರುಕ್ ನಗರದ ಮಣ್ಣಿನ ಹಲಗೆಗಳಲ್ಲಿ ಎತ್ತು, ಮೀನು, ರೊಟ್ಟಿಗಳ ಪಟ್ಟಿ ಇರುವುದು ಅದಕ್ಕೇ.

ಮರುಬರೆಹದ ಮೊದಲ ವಾಕ್ಯ ಹೀಗಿತ್ತು: ‘ಫಲವತ್ತತೆ ಇಲ್ಲದೆ ಉರುಕ್ ಹುಟ್ಟುತ್ತಿರಲಿಲ್ಲ, ಆದರೆ ಫಲವತ್ತತೆಯೊಂದರಿಂದಲೇ ಅದು ಹುಟ್ಟಲಿಲ್ಲ.’ ಅದೇ ಆರು ಸಂಗತಿಗಳು ಈಗ ಈ ವಾಕ್ಯದ ಕೆಳಗೆ ಕ್ರಮವಾಗಿ ಬಂದವು. ಹೊಸದಾಗಿ ಏನನ್ನೂ ಓದಬೇಕಾಗಲಿಲ್ಲ.

ಅಕ್ಟೋಬರ್‌ನ ನಿರ್ಧಾರ

ಆರರಲ್ಲಿ ಒಂದನ್ನು ಬಿಡಲೇಬೇಕು ಎಂಬುದು ಸ್ಪಷ್ಟವಾಯಿತು. ಬಿಡುವುದು ಇತಿಹಾಸವನ್ನೇ ಎಂದು ಮನೆಯಲ್ಲಿ ಅಂದುಕೊಂಡಿದ್ದರು. ತಂದೆ ಸಭೆಯಲ್ಲಿ ಹೇಳಿದ ಮಾತು: “ಹಿಸ್ಟರಿ ಯಾವಾಗ ಬೇಕಾದ್ರೂ ಓದ್ಕೋಬಹುದು ಮೇಡಂ. ಮ್ಯಾಥ್ಸ್ ಒಂದ್ಸಲ ಬಿಟ್ರೆ ಮತ್ತೆ ಹಿಡಿಯೋದು ಬಹಳ ಕಷ್ಟ.” ಈ ಮಾತು ನಿಜ, ಸಲಹೆಗಾರ್ತಿಯೂ ಅದನ್ನು ಒಪ್ಪಿದರು. ಆಮೇಲೆ ಒಂದು ಹಾಳೆಯ ಮೇಲೆ ಗಣಿತ ಬಿಟ್ಟರೆ ಏನೇನು ತಪ್ಪುತ್ತದೆ, ಏನೇನು ಉಳಿಯುತ್ತದೆ ಎಂದು ಬರೆದರು.

ಉಳಿಯುವುದು: ನೀಟ್ ಬರೆಯಲು 12ರಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಸಾಕು. ಬಿ.ಫಾರ್ಮಾಗೆ ಗಣಿತದ ಬದಲು ಜೀವಶಾಸ್ತ್ರ ನಡೆಯುತ್ತದೆ. ಜೀವಶಾಸ್ತ್ರದ ಬಿ.ಎಸ್ಸಿ. ಕೋರ್ಸ್‌ಗಳು ಬಹಳಷ್ಟು ಸಿಗುತ್ತವೆ. ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ಐಸರ್‌ಗಳ ಬಿಎಸ್-ಎಂಎಸ್‌ಗೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳಲ್ಲಿ ಮೂರನ್ನು ಓದಿರಬೇಕು, ಆದರೆ ಅದರ ಪ್ರವೇಶ ಪರೀಕ್ಷೆಯಲ್ಲಿ ಗಣಿತದ ಭಾಗವೂ ಇದೆ, ಅಲ್ಲಿ ಹಿಂದೆ ಬೀಳುತ್ತಾಳೆ. ತಪ್ಪುವುದು: ಜೆಇಇ, ಸಿಇಟಿಯ ಇಂಜಿನಿಯರಿಂಗ್ ಸೀಟುಗಳು, ಅದರಲ್ಲಿ ಬಿ.ಇ. ಬಯೋಟೆಕ್ನಾಲಜಿಯೂ ಸೇರಿ. ಬಯೋಟೆಕ್ನಾಲಜಿಯ ಹೆಸರನ್ನು ಅವಳು ಹಿಂದೊಮ್ಮೆ ಹೇಳಿದ್ದಳು. ಅದನ್ನು ಮುಚ್ಚಿಡದೆ ಮುಂದಿಟ್ಟು, ಎರಡು ದಿನ ಯೋಚಿಸಿ ಬಾ ಎಂದು ಕಳಿಸಿದರು. ಮರಳಿ ಬಂದಾಗ ಆ ಸಾಲನ್ನು ಅವಳೇ ಹೊಡೆದುಹಾಕಿದ್ದಳು.

ಗಣಿತ ಬಿಡುವುದೆಂದಾಯಿತು. ತಂದೆ ಒಂದು ಷರತ್ತು ಹಾಕಿದರು, ಅದು ನ್ಯಾಯವಾದ ಷರತ್ತು: ವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ ಈಗಿರುವುದಕ್ಕಿಂತ ಕೆಳಗಿಳಿದರೆ ಮತ್ತೆ ಕೂತು ಮಾತಾಡಬೇಕು. ಅದನ್ನೂ ಅದೇ ಹಾಳೆಯಲ್ಲಿ ಬರೆದರು. ಇಡೀ ಪ್ರಕರಣದ ತಿರುವು ಇದೇ ಎಂದು ನಮಗನಿಸುತ್ತದೆ. ಯಾವುದು ಆದರೆ ನಿರ್ಧಾರ ಬದಲಾಗಬೇಕು ಎಂದು ಮೊದಲೇ ಬರೆದಿಟ್ಟಿದ್ದರಿಂದ, ಮುಂದಿನ ಪ್ರತಿ ಕಿರುಪರೀಕ್ಷೆಯ ನಂತರವೂ ಮನೆಯಲ್ಲಿ ಜಗಳ ಶುರುವಾಗಲಿಲ್ಲ. ಸಿಬಿಎಸ್‌ಇಗೆ 11ನೇ ತರಗತಿಯ ನೋಂದಣಿ ಕಳಿಸುವ ಮೊದಲೇ ಇದು ಮುಗಿದದ್ದೂ ಒಳ್ಳೆಯದಾಯಿತು; ಆಮೇಲೆ ವಿಷಯ ಬದಲಿಸಲು ಮಂಡಳಿಯ ಅನುಮತಿಗೆ ಅಲೆಯಬೇಕಾಗುತ್ತದೆ.

ಗಣಿತ ಬಿಟ್ಟ ಪಿಸಿಬಿ ಮಕ್ಕಳು ಎಡವುವುದು ಭೌತಶಾಸ್ತ್ರದಲ್ಲೇ. ಅದಕ್ಕೆ ಭೌತಶಾಸ್ತ್ರದ ಸರ್ ಒಂದು ಪಟ್ಟಿ ಕೊಟ್ಟರು: ಘಾತಾಂಕ ಮತ್ತು ಲಾಗರಿದಮ್, ತ್ರಿಕೋನಮಿತಿಯ ಮೂಲ ಸೂತ್ರಗಳು, ವೆಕ್ಟರ್‌ಗಳ ಎರಡು ಬಗೆಯ ಗುಣಾಕಾರ, ಗ್ರಾಫ್‌ನಿಂದ ಇಳಿಜಾರು ಮತ್ತು ವಿಸ್ತೀರ್ಣ ತೆಗೆಯುವುದು, ಸರಳ ಅವಕಲನ ಮತ್ತು ಅನುಕಲನ. ಇಷ್ಟನ್ನು ಡಿಸೆಂಬರ್ ಒಳಗೆ ಮುಗಿಸಿದಳು. ಪಿಎಚ್ ಲೆಕ್ಕಗಳಲ್ಲಿ ಲಾಗರಿದಮ್ ಬರುವುದರಿಂದ ರಸಾಯನಶಾಸ್ತ್ರಕ್ಕೂ ಇದು ಆಯಿತು.

ಶನಿವಾರದ ಒಂದು ಉತ್ತರ

ಬಿಡುವಾದ ಸಮಯವನ್ನೆಲ್ಲ ಇತಿಹಾಸಕ್ಕೆ ಕೊಡಲಿಲ್ಲ, ಹೆಚ್ಚಿನದು ಭೌತಶಾಸ್ತ್ರಕ್ಕೆ ಹೋಯಿತು. ಇತಿಹಾಸಕ್ಕೆ ನಿಗದಿಯಾದದ್ದು ವಾರಕ್ಕೆ ಒಂದು 8 ಅಂಕದ ಉತ್ತರ, ಶನಿವಾರ ಮಧ್ಯಾಹ್ನ, ಗಡಿಯಾರ ಇಟ್ಟುಕೊಂಡು. ಲೆಕ್ಕ ಹೀಗೆ: 80 ಅಂಕಕ್ಕೆ 180 ನಿಮಿಷ ಎಂದರೆ 8 ಅಂಕಕ್ಕೆ 18 ನಿಮಿಷ. ಉತ್ತರ 300ರಿಂದ 350 ಪದ. ಮೊದಲ ಮೂರು ನಿಮಿಷ ಬರೆಯುವಂತಿಲ್ಲ, ನಿಲುವು ಏನು, ಅದಕ್ಕೆ ಮೂರು ಆಧಾರ ಯಾವುವು ಎಂದು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾತ್ರ. ಹದಿನಾಲ್ಕು ನಿಮಿಷ ಬರವಣಿಗೆ, ಕೊನೆಯ ಒಂದು ನಿಮಿಷ ಓದಿ ನೋಡುವುದು.

ಮೇಡಂ ಪೂರ್ತಿ ಉತ್ತರ ತಿದ್ದುತ್ತಿರಲಿಲ್ಲ. ಮೊದಲ ಎರಡು ವಾಕ್ಯ ಮತ್ತು ನಡುವಿನ ಒಂದು ಪ್ಯಾರಾ, ಅಷ್ಟೇ. ಅದಕ್ಕೆ ಮೊದಲು ಹುಡುಗಿಯೇ ತನ್ನ ವಾದದ ಸಾಲುಗಳಿಗೆ ನೀಲಿಯಲ್ಲಿ, ಆಧಾರದ ಸಾಲುಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ಕೊಡಬೇಕು. ಬರೀ ಪೆನ್ಸಿಲ್ ಇರುವ ಪ್ಯಾರಾ ಎಂದರೆ ಮಾಹಿತಿ ಸುರಿದಿದ್ದಾಳೆ. ಬರೀ ನೀಲಿ ಎಂದರೆ ಮಾತು ಮಾತ್ರ ಇದೆ. ಎರಡೂ ಒಟ್ಟಿಗೆ ಇರದ ಪ್ಯಾರಾವನ್ನು ಮತ್ತೆ ಬರೆಯಬೇಕು. ಶಿಕ್ಷಕರಿಗೆ ಐದು ನಿಮಿಷದ ಕೆಲಸವಾದ್ದರಿಂದಲೇ ಇದು ವಾರ ವಾರವೂ ನಡೆಯಿತು. ಹತ್ತು ಉತ್ತರಗಳನ್ನು ಒಟ್ಟಿಗೆ ಕೊಟ್ಟು ‘ನೋಡಿ ಕೊಡಿ ಮೇಡಂ’ ಎಂದರೆ ಯಾವ ಶಾಲೆಯಲ್ಲೂ ಆಗುವ ಮಾತಲ್ಲ.

ಪ್ರಾಜೆಕ್ಟ್: 1898ರ ಪ್ಲೇಗ್

12ನೇ ತರಗತಿಯ ಪ್ರಾಜೆಕ್ಟ್‌ಗೆ ಅವಳು ಬೆಂಗಳೂರಿನ 1898ರ ಪ್ಲೇಗ್ ಆರಿಸಿಕೊಂಡಳು. ಜೀವಶಾಸ್ತ್ರ ಗೊತ್ತಿರುವುದು ಇಲ್ಲಿ ಅನುಕೂಲವಾಗುತ್ತದೆ ಎಂದು ಎಲ್ಲರೂ ಭಾವಿಸಿದ್ದರು. ಮೊದಲ ಕರಡಿನಲ್ಲಿ ಅದೇ ತೊಡಕಾಯಿತು. ಇಲಿಗಳ ಮೇಲಿನ ಚಿಗಟಗಳಿಂದ ರೋಗ ಹರಡುತ್ತಿದ್ದರೂ ಅಧಿಕಾರಿಗಳು ಚಿಗಟಗಳನ್ನು ಬಿಟ್ಟು ಮನೆಗಳಿಗೆ ಸೋಂಕುನಿವಾರಕ ಹಾಕಿಸುತ್ತಾ, ಜನರನ್ನು ಶಿಬಿರಗಳಿಗೆ ಸಾಗಿಸುತ್ತಾ ಕೂತರು ಎಂದು ಬರೆದಿದ್ದಳು. ಮೇಡಂ ಅಂಚಿನಲ್ಲಿ ಬರೆದದ್ದು ಒಂದೇ ಸಾಲು: ‘ಇದು ಅವರಿಗೆ ಆಗ ಗೊತ್ತಿತ್ತೇ?’

ಗೊತ್ತಿರಲಿಲ್ಲ. ಪ್ಲೇಗಿನ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದು 1894ರಲ್ಲಿ. ಹಾಫ್‌ಕಿನ್ ಮುಂಬೈಯಲ್ಲಿ ಲಸಿಕೆ ತಯಾರಿಸಿದ್ದು 1897ರಲ್ಲಿ. ಚಿಗಟದ ಪಾತ್ರವನ್ನು ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದ್ದು 1898ರಲ್ಲೇ, ಅದನ್ನು ವೈದ್ಯಲೋಕ ಒಪ್ಪಲು ಇನ್ನೂ ಹಲವು ವರ್ಷ ಹಿಡಿಯಿತು. ಈ ಇಸವಿಗಳನ್ನು ಸಾಲಾಗಿ ಬರೆದುಕೊಂಡ ಮೇಲೆ ಅವಳ ಪ್ರಶ್ನೆಯೇ ಬದಲಾಯಿತು: ರೋಗಾಣು ಗೊತ್ತಿದ್ದು, ಅದು ಹರಡುವ ದಾರಿ ಗೊತ್ತಿಲ್ಲದಿದ್ದಾಗ ಒಂದು ನಗರ ಏನು ಮಾಡಬಹುದಿತ್ತು?

ಎರಡನೇ ತಿದ್ದುಪಡಿಯೂ ಇಸವಿಯದ್ದೇ. ಪ್ಲೇಗ್ ಬಂದದ್ದರಿಂದ ವಿಕ್ಟೋರಿಯಾ ಆಸ್ಪತ್ರೆ ಕಟ್ಟಿದರು, ಮಲ್ಲೇಶ್ವರ, ಬಸವನಗುಡಿ ಮಾಡಿದರು ಎಂದು ಬರೆದಿದ್ದಳು. ನಗರದಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ಆದರೆ ಆಸ್ಪತ್ರೆಯ ಅಡಿಗಲ್ಲು ಬಿದ್ದದ್ದು 1897ರಲ್ಲಿ, ಉದ್ಘಾಟನೆ 1900ರಲ್ಲಿ. ಎರಡೂ ಬಡಾವಣೆಗಳ ಯೋಜನೆ ಪ್ಲೇಗ್‌ಗಿಂತ ಮೊದಲೇ ಶುರುವಾಗಿತ್ತು. ಇಕ್ಕಟ್ಟಾದ ಪೇಟೆಯಿಂದ ಜನ ಅಲ್ಲಿಗೆ ಹೋಗುವುದನ್ನು ಪ್ಲೇಗ್ ಚುರುಕುಗೊಳಿಸಿತು, ಬಡಾವಣೆಯನ್ನು ಅದು ಹುಟ್ಟಿಸಲಿಲ್ಲ. ಕಾರಣ ಮತ್ತು ವೇಗವರ್ಧಕದ ವ್ಯತ್ಯಾಸ ರಸಾಯನಶಾಸ್ತ್ರ ಓದುವವಳಿಗೆ ಮತ್ತೆ ವಿವರಿಸಬೇಕಾಗಲಿಲ್ಲ. ಮೌಖಿಕ ಪರೀಕ್ಷೆಯಲ್ಲಿ ಅವಳು ಹೆಚ್ಚು ಹೊತ್ತು ಮಾತಾಡಿದ್ದು ಇದರ ಬಗ್ಗೆಯೇ.

ಫಲಿತಾಂಶ

11ರ ವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರ ಕೆಳಗಿಳಿಯಲಿಲ್ಲ, ಷರತ್ತು ಜಾರಿಗೆ ಬರಲಿಲ್ಲ. 12ರಲ್ಲಿ ಇತಿಹಾಸ ಅವಳ ಅತಿ ಹೆಚ್ಚು ಅಂಕದ ವಿಷಯವಾಗಲಿಲ್ಲ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಅದಕ್ಕಿಂತ ಮೇಲಿದ್ದವು. ದೀರ್ಘ ಉತ್ತರಗಳು ಒಳ್ಳೆಯದಾಗಿದ್ದವು, ಕಡಿಮೆ ಅಭ್ಯಾಸ ಮಾಡಿದ್ದ ನಕ್ಷೆ ಮತ್ತು ಒಂದು ಅಂಕದ ಪ್ರಶ್ನೆಗಳಲ್ಲಿ ಅಂಕ ಹೋಯಿತು. ಬಹು ಆಯ್ಕೆಯ ಪ್ರಶ್ನೆಗಳಿಗೇ 21 ಅಂಕ ಇರುವ ಪತ್ರಿಕೆಯಲ್ಲಿ ಬರೀ ಬರವಣಿಗೆ ತಿದ್ದಿಕೊಂಡರೆ ಸಾಲದು.

ನೀಟ್‌ನಲ್ಲಿ ಅರ್ಹತೆ ಸಿಕ್ಕಿತು, ಸರ್ಕಾರಿ ಸೀಟಿಗೆ ಬೇಕಾದಷ್ಟು ಅಂಕ ಬರಲಿಲ್ಲ. ಇತಿಹಾಸದಿಂದ ಹೀಗಾಯಿತೇ ಎಂದು ಮನೆಯಲ್ಲಿ ಕೇಳಿಕೊಂಡರು. ಅಂಕ ಹೆಚ್ಚು ಹೋದದ್ದು ಭೌತಶಾಸ್ತ್ರದಲ್ಲಿ, ಅದು ಮೊದಲಿಂದಲೂ ದುರ್ಬಲವಾಗಿದ್ದ ವಿಷಯ. ಗಣಿತ ಇಟ್ಟುಕೊಂಡಿದ್ದರೆ ಅಲ್ಲಿ ಸುಧಾರಿಸುತ್ತಿತ್ತೇ, ಇಲ್ಲಾ ಇನ್ನಷ್ಟು ಸಮಯ ಹೋಗುತ್ತಿತ್ತೇ ಎಂದು ಈ ಒಂದು ಪ್ರಕರಣದಿಂದ ತೀರ್ಮಾನಿಸಲು ಬರುವುದಿಲ್ಲ. ಎರಡನೇ ಸಲ ನೀಟ್ ಬರೆಯುವುದು ಬೇಡ ಎಂದು ಅವಳೇ ನಿರ್ಧರಿಸಿ ನಗರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರದ ಪದವಿಗೆ ಸೇರಿದಳು. ಅಲ್ಲಿನ ಸಂದರ್ಶನದಲ್ಲಿ ಪ್ಲೇಗಿನ ಪ್ರಾಜೆಕ್ಟ್ ಬಗ್ಗೆ ಕೇಳಿದರು.

ಇದೇ ದಾರಿ ಯೋಚಿಸುತ್ತಿರುವವರಿಗೆ

ಪಿಸಿಎಂ ಜೊತೆ ಬರವಣಿಗೆಯ ವಿಷಯ ತೆಗೆದುಕೊಳ್ಳುವವರು ಒಂದು ನಿಯಮ ತಿಳಿದಿರಬೇಕು. ಜೆಇಇ ಮೂಲಕ ಐಐಟಿ, ಎನ್‌ಐಟಿ ಸೇರಲು ಸಾಮಾನ್ಯ ವರ್ಗದವರಿಗೆ 12ರಲ್ಲಿ ಶೇ. 75 ಅಂಕ ಬೇಕು, ಅಥವಾ ತಮ್ಮ ಮಂಡಳಿಯ ಮೊದಲ 20 ಪರ್ಸೆಂಟೈಲ್‌ನಲ್ಲಿರಬೇಕು. ಆ ಲೆಕ್ಕ ಐದು ವಿಷಯಗಳದ್ದು. ಐದನೆಯದು ಇತಿಹಾಸವಾಗಿದ್ದರೆ ಅದೂ ಸೇರುತ್ತದೆ. ಸಿಇಟಿಯ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಸಿಎಂ ಅಂಕ ಮಾತ್ರ ಲೆಕ್ಕ. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ) ಡಿಪ್ಲೊಮಾದಲ್ಲಿ ಸಮಾಜ ವಿಜ್ಞಾನದ ಗುಂಪಿನಿಂದ ಒಂದು ವಿಷಯ ಹೇಗೂ ಬರುತ್ತದೆ, ಜೊತೆಗೆ 4,000 ಪದಗಳವರೆಗಿನ ಒಂದು ಪ್ರಬಂಧವೂ ಇದೆ. ಅಲ್ಲಿ ಯೋಚಿಸಬೇಕಾದ್ದು ಆ ವಿಷಯವನ್ನು ಹೈಯರ್ ಲೆವೆಲ್‌ನಲ್ಲಿ ಓದುವುದೋ ಸ್ಟ್ಯಾಂಡರ್ಡ್‌ನಲ್ಲೋ ಎಂಬುದು.

ಶಾಲೆಗೆ ಹೋಗಿ ಕೇಳಬೇಕಾದ್ದು ಮೂರು. ಆ ವಿಷಯದ ಅವಧಿ ಯಾವ ಲ್ಯಾಬ್ ಮೇಲೆ ಬೀಳುತ್ತದೆ, ಬಿದ್ದರೆ ಬ್ಯಾಚ್ ಬದಲಿಸುತ್ತಾರೆಯೇ? ವಿಷಯ ಬಿಡಲು ಅಥವಾ ಬದಲಿಸಲು ಶಾಲೆಯ ಕೊನೆಯ ದಿನ ಯಾವುದು? ವಾರಕ್ಕೊಂದು ಉತ್ತರವನ್ನು ಯಾರು ತಿದ್ದುತ್ತಾರೆ? ಮೂರನೆಯದಕ್ಕೆ ಬಾಯಿಮಾತಿನ ಭರವಸೆ ಸಿಕ್ಕರೆ ಅಲ್ಲಿಗೇ ಬಿಡಬೇಡಿ. ಆ ಶಾಲೆಯ 12ನೇ ತರಗತಿಯ ಒಂದು ನೋಟ್‌ಬುಕ್ ತೋರಿಸಿ ಎಂದು ವಿನಂತಿಸಿ. ದೀರ್ಘ ಉತ್ತರಗಳ ಕೆಳಗೆ ಬರೀ ಟಿಕ್ ಮತ್ತು ಸಹಿ ಇದ್ದರೆ, ತಿದ್ದಿಕೊಡಲು ಹೊರಗೆ ಯಾರನ್ನಾದರೂ ಹುಡುಕಿಕೊಂಡ ಮೇಲೆಯೇ ಅರ್ಜಿಯಲ್ಲಿ ಆ ವಿಷಯದ ಹೆಸರು ಬರೆಯಿರಿ.